ಮದುವೆ ಸುದ್ದಿ ಇವತ್ತೇ ಹೇಳಿ, ಫೋಟೋ ಸ್ವಲ್ಪ ತಡೆಯಲಿ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ಎರಡು ತಿಂಗಳ ಹಿಂದೆ ನನ್ನ ಮದುವೆಯಾಯಿತು. ಮನೆ ಅಂಗಳದಲ್ಲೇ ಚಪ್ಪರ ಹಾಕಿ, ಹತ್ತಿರದವರನ್ನಷ್ಟೇ ಕರೆದು ಮಾಡಿದ ಮದುವೆ. ಆಮೇಲೆ ನಾವಿಬ್ಬರೂ ಆರು ದಿನ ಅಂಡಮಾನಿಗೆ ಹೋಗಿ ಬಂದೆವು. 2020ರ ಲಾಕ್‌ಡೌನ್ ಸಮಯದಲ್ಲಿ ಆನ್‌ಲೈನ್ ಕಸೂತಿ ಕ್ಲಾಸಿನಲ್ಲಿ ನನಗೆ ಹದಿನಾಲ್ಕು ಜನ ಗೆಳತಿಯರು ಸಿಕ್ಕಿದರು. ಇವತ್ತಿಗೂ ದಿನಾ ಮಾತು ಇದೆ. ಆದರೆ ಒಬ್ಬರನ್ನೂ ಎದುರಿಗೆ ನೋಡಿಲ್ಲ. ಮದುವೆ ಗಡಿಬಿಡಿಯಲ್ಲಿ ಅವರಿಗೆ ವಿಷಯ ಹೇಳಲಿಲ್ಲ. ಇಬ್ಬರಿಗೆ ಬೇರೆ ಕಡೆಯಿಂದ ಗೊತ್ತಾಗಿ ಬೇಜಾರು ಮಾಡಿಕೊಂಡಿದ್ದಾರೆ. ಅವರಲ್ಲಿ ಒಬ್ಬರು 'ಅಡ್ರೆಸ್ ಕೊಡು, ಗಿಫ್ಟ್ ಕಳಿಸ್ತೀನಿ' ಎನ್ನುತ್ತಿದ್ದಾರೆ. ಮದುವೆ ಮತ್ತು ಪ್ರವಾಸದ ಫೋಟೋ ಎಲ್ಲರಿಗೂ ತೋರಿಸುವ ಆಸೆ ನನಗೆ. ನಮ್ಮವರು ಬೇಡ ಅನ್ನುತ್ತಾರೆ. ಅತ್ತೆಯವರು 'ಕಣ್ಣಾಗುತ್ತೆ' ಅನ್ನುತ್ತಾರೆ. ನಾನೇನು ಮಾಡಲಿ?

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಎರಡು ವಿಷಯ ಒಂದಕ್ಕೊಂದು ಗಂಟು ಬಿದ್ದಿವೆ. ಮದುವೆ ಸುದ್ದಿ ಹೇಳುವುದು ಒಂದು. ಫೋಟೋ ಕೊಡುವುದು ಇನ್ನೊಂದು. ಫೋಟೋ ಬಗ್ಗೆ ಮನೆಯಲ್ಲಿ ತೀರ್ಮಾನವಾಗಲಿ ಅಂತ ಕಾಯುತ್ತಾ ಸುದ್ದಿಯನ್ನೂ ಹಿಡಿದಿಟ್ಟುಕೊಂಡಿದ್ದೀರಿ. ಗೆಳತಿಯರಿಗೆ ಬೇಜಾರಾಗಿರುವುದು ಸುದ್ದಿಗೆ. ಅದನ್ನು ಹೇಳಲು ಯಾರ ಒಪ್ಪಿಗೆಯೂ ಬೇಡ. ಮದುವೆ ನಿಮ್ಮದು. ಇವತ್ತು ಸಂಜೆಯೇ ಹೇಳಿಬಿಡಿ.

ಹೇಗೆ ಹೇಳಬೇಕು ಅನ್ನುವುದಕ್ಕೆ ನಮ್ಮ ಕಡೆ ಮದುವೆ ಕರೆಯುವ ಕ್ರಮವನ್ನೇ ನೆನಪು ಮಾಡಿಕೊಳ್ಳಿ. ಲಗ್ನಪತ್ರಿಕೆ ಮೊದಲು ದೇವರ ಮುಂದೆ ಇಡುತ್ತಾರೆ. ಆಮೇಲೆ ಸೋದರಮಾವನ ಮನೆ, ಅತ್ತೆಯರ ಮನೆ. ಆಮೇಲೆ ಊರು ಕೇರಿ. ಹತ್ತಿರದವರಿಗೆ ಕೈಗೆ ಪತ್ರಿಕೆ ಕೊಟ್ಟು, ಅಲ್ಲೇ ಕೂತು ಕಾಫಿ ಕುಡಿದೇ ಏಳಬೇಕು. ಬೇಜಾರಾಗಿರುವ ಆ ಇಬ್ಬರು ಗೆಳತಿಯರು ಈಗ ನಿಮಗೆ ಸೋದರತ್ತೆಯ ಮನೆ ಇದ್ದ ಹಾಗೆ. ಗುಂಪಿಗೆ ಹಾಕುವ ಮೊದಲು ಅವರಿಗೆ ಫೋನ್ ಮಾಡಿ. ಮೆಸೇಜ್ ಬೇಡ, ಮಾತಾಡಿ. 'ಗಡಿಬಿಡಿಯಲ್ಲಿ ಹೇಳಲಿಲ್ಲ, ತಪ್ಪಾಯ್ತು, ನಿನಗೆ ಮೊದಲೇ ಹೇಳಬೇಕಿತ್ತು' ಅಂದರೆ ಸಾಕು. ಜಾಸ್ತಿ ಕಾರಣ ಕೊಡಬೇಡಿ. ಕಾರಣ ಉದ್ದವಾದಷ್ಟೂ ಕೇಳುವವರಿಗೆ ಅನುಮಾನ ಬರುತ್ತದೆ.

ಉಳಿದ ಹನ್ನೆರಡು ಜನರಿಗೆ ಗುಂಪಿನಲ್ಲೇ ನಾಲ್ಕು ಸಾಲು ಬರೆಯಿರಿ. ಅದರಲ್ಲಿ ಜೀವ ಇರಲಿ. 'ಗಾಟ್ ಮ್ಯಾರೀಡ್' ಅಂತ ಹಾಕಿ ಎರಡು ಹೃದಯ ಒತ್ತಿದರೆ ಐದು ವರ್ಷದ ಗೆಳೆತನಕ್ಕೆ ಅದು ಸಾಲುವುದಿಲ್ಲ. ಮದುವೆ ಎಲ್ಲಾಯಿತು, ಯಾವ ಸೀರೆ ಉಟ್ಟಿರಿ, ಧಾರೆ ಎರೆಯುವಾಗ ಯಾರು ಅತ್ತರು, ಊಟಕ್ಕೆ ಏನಿತ್ತು, ನಿಮ್ಮ ಯಜಮಾನರು ಎಂಥವರು, ಇಷ್ಟು ಬರೆಯಿರಿ. ಅವರು ಹೇಳಿಕೊಟ್ಟ ಕಸೂತಿಯ ಗವಂತಿ ಹೊಲಿಗೆಯನ್ನೋ ಮುರ್ಗಿ ಹೊಲಿಗೆಯನ್ನೋ ನಿಮ್ಮ ರವಿಕೆ ತೋಳಿಗೆ ಹಾಕಿಕೊಂಡಿದ್ದರೆ ಅದನ್ನು ಖಂಡಿತ ಬರೆಯಿರಿ. ಮದುವೆ ಮನೆಯಲ್ಲಿ ತಮ್ಮದೂ ಒಂದು ಎಳೆ ಇತ್ತು ಅಂತ ಅವರಿಗೆ ಅನಿಸಲಿ.

'ಆನ್‌ಲೈನ್ ಗೆಳತಿಯರು ಅಂದ್ರೆ ಎಷ್ಟರವರು' ಅಂತ ಮನೆಯಲ್ಲಿ ಯಾರಾದರೂ ಕೇಳಬಹುದು. ನನಗೆ ಅದು ಒಪ್ಪಿಗೆಯಿಲ್ಲದ ಮಾತು. ಮಳೆಗಾಲದಲ್ಲಿ ವಾರಗಟ್ಟಲೆ ಹೊರಗೆ ಕಾಲಿಡಲಾಗದ, ಪಕ್ಕದ ಮನೆಗೆ ಹೋಗಲೂ ಒಂದು ಗುಡ್ಡ ಇಳಿದು ಹತ್ತಬೇಕಾದ ಊರಲ್ಲಿ ಬೆಳೆದ ಹೆಣ್ಣುಮಕ್ಕಳಿಗೆ ದಿನಾ ಕಷ್ಟಸುಖ ಕೇಳುವ ಹದಿನಾಲ್ಕು ಜನ ಸಿಗುವುದು ದೊಡ್ಡ ಸಂಗತಿ. ಅವರನ್ನು ಉಳಿಸಿಕೊಳ್ಳಿ.

ಇನ್ನು ಫೋಟೋ ವಿಷಯ. ನಾನು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಸುತ್ತ ಇಪ್ಪತ್ತೆರಡು ವರ್ಷ ಮದುವೆ ಫೋಟೋ ತೆಗೆದವನು. ಈಗ ಕಾಲೇಜುಗಳಲ್ಲಿ, ಸ್ವಸಹಾಯ ಸಂಘಗಳಲ್ಲಿ ಮೊಬೈಲನ್ನು ಜೋಪಾನವಾಗಿ ಬಳಸುವುದು ಹೇಗೆ ಅಂತ ಹೇಳಿಕೊಡುತ್ತೇನೆ. ಈ ಕೆಲಸಕ್ಕೆ ಬರಲು ನನ್ನದೇ ಒಂದು ತಪ್ಪು ಕಾರಣ. ಸುಮಾರು ಹತ್ತು ವರ್ಷದ ಹಿಂದೆ ಸಾಗರದ ಕಡೆ ಒಂದು ಮದುವೆ. ಹುಡುಗನ ಅಜ್ಜನಿಗೆ ಹುಷಾರಿರಲಿಲ್ಲ ಅಂತ ಒಂದೇ ವಾರದಲ್ಲಿ ಮುಗಿಸಿದ್ದರು. ಎಷ್ಟೋ ನೆಂಟರನ್ನು ಕರೆದಿರಲಿಲ್ಲ. ಆಮೇಲೆ ಮನೆಮನೆಗೆ ಹೋಗಿ ಹೇಳಿ ಬರೋಣ ಅಂತ ಅವರ ಯೋಚನೆ. ನಾನು ಅದೇ ರಾತ್ರಿ, ಯಾರನ್ನೂ ಕೇಳದೆ, ಮದುಮಗಳ ಒಂದು ಚಂದದ ಫೋಟೋವನ್ನು ನನ್ನ ಸ್ಟುಡಿಯೋ ಪುಟಕ್ಕೆ ಹಾಕಿದೆ. ಬೆಳಗ್ಗೆ ಏಳುವಷ್ಟರಲ್ಲಿ ಅದು ಹುಡುಗಿಯ ಸೋದರತ್ತೆಯ ಫೋನು ಮುಟ್ಟಿತ್ತು. ಎತ್ತಿ ಆಡಿಸಿದ ಮಗುವಿನ ಮದುವೆ ಅವರಿಗೆ ಗೊತ್ತಾದದ್ದು ಹಾಗೆ. ಎರಡು ವರ್ಷ ಆ ಅಮ್ಮ ತವರಿಗೆ ಬರಲಿಲ್ಲ. ನಾನು ಪುಟದಿಂದ ಫೋಟೋ ಅಳಿಸಿದೆ, ಆದರೆ ಅಷ್ಟರಲ್ಲಿ ಅದು ಎಲ್ಲೆಲ್ಲಿಗೋ ಹೋಗಿತ್ತು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಈಗಲೂ ಆ ದಾರಿಯಲ್ಲಿ ಹೋಗುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನನಗೆ ಆ ಹಕ್ಕೂ ಇರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರದ್ದು. ಬೇರೆ ಥರ ಒಪ್ಪಂದ ಆಗಿದ್ದರೆ ಮಾತ್ರ ಬದಲಾಗುತ್ತದೆ. ನಿಮ್ಮ ಫೋಟೋಗ್ರಾಫರ್ ನಿಮ್ಮ ಫೋಟೋ ಎಲ್ಲಾದರೂ ಹಾಕಿದ್ದಾರಾ ಅಂತ ಒಮ್ಮೆ ನೋಡಿ. ಬೇಡ ಅನಿಸಿದರೆ ತೆಗೆಯಿರಿ ಅಂತ ಹೇಳಲು ಸಂಕೋಚ ಬೇಡ.

ನಿಮ್ಮವರ ವಿಷಯಕ್ಕೆ ಬರೋಣ. ಜೋಡಿ ಫೋಟೋದಲ್ಲಿ ಅರ್ಧ ಅವರದ್ದು. ಅವರು ಬೇಡ ಅಂದರೆ ಆ ಫೋಟೋ ಹೋಗಬಾರದು. ಈ ಮಾತಿನಲ್ಲಿ ನಾನು ಗಟ್ಟಿ. ಆದರೆ 'ಬೇಡ' ಅನ್ನುವುದರ ಒಳಗೆ ಏನಿದೆ ಅಂತ ಕೇಳಿದ್ದೀರಾ? ಕೆಲವರಿಗೆ ಸಮುದ್ರದಲ್ಲಿ ನೆನೆದು ನಿಂತ ಫೋಟೋ ಬೇಡ, ಚಪ್ಪರದ ಫೋಟೋ ಅಡ್ಡಿಯಿಲ್ಲ. ಕೆಲವರಿಗೆ ಆಫೀಸಿನವರು ನೋಡಿದರೆ ಮುಜುಗರ, ಗೆಳತಿಯರು ನೋಡಿದರೆ ತೊಂದರೆಯಿಲ್ಲ. ಇನ್ನು ಕೆಲವರಿಗೆ ಸುಮ್ನೆ ಫೋಟೋದಲ್ಲಿ ತಮ್ಮ ಮುಖ ಇಷ್ಟವಿರುವುದಿಲ್ಲ, ಹೇಳಲು ನಾಚಿಕೆ. ಫೋನ್ ಹಿಡಿದು ಪಕ್ಕದಲ್ಲಿ ಕೂತು, ಒಂದೊಂದೇ ತೋರಿಸಿ ಕೇಳಿ. ನಾನು ನೋಡಿದ ಎಷ್ಟೋ ಜೋಡಿಗಳಲ್ಲಿ ಈ ಒಂದು ಗಂಟೆಯಲ್ಲೇ ಜಗಳ ಕರಗಿದೆ.

ಅತ್ತೆಯವರ ಮಾತನ್ನು ದಯವಿಟ್ಟು ತಳ್ಳಿಹಾಕಬೇಡಿ. 'ಕಣ್ಣಾಗುತ್ತೆ' ಅನ್ನುವ ಹಿರಿಯರು ಹೇಳುತ್ತಿರುವುದು ಇಷ್ಟೇ: ನಮ್ಮ ಸುಖ ಯಾರು ಯಾರು ನೋಡುತ್ತಿದ್ದಾರೆ ಅಂತ ನಮಗೆ ಗೊತ್ತಿಲ್ಲ. ಇಂಟರ್ನೆಟ್ಟಿನ ಮಟ್ಟಿಗೆ ಅದು ಅಕ್ಷರಶಃ ನಿಜ.

ಉದಾಹರಣೆಗೆ, ಲಗ್ನಪತ್ರಿಕೆಯ ಫೋಟೋ. ಎಲ್ಲರೂ ಸ್ಟೇಟಸ್‌ಗೆ ಹಾಕುತ್ತಾರೆ. ಅದರಲ್ಲಿ ಎರಡೂ ಮನೆಯ ವಿಳಾಸ, ಅಪ್ಪ ಅಮ್ಮನ ಹೆಸರು, ಫೋನ್ ನಂಬರು, ಇಡೀ ಮನೆಯವರು ಬೇರೆ ಕಡೆ ಇರುವ ದಿನ ಮತ್ತು ಹೊತ್ತು, ಎಲ್ಲ ಇರುತ್ತದೆ. ನಮ್ಮ ಮಲೆನಾಡಿನ ಮನೆಗಳು ಪೇಟೆಯ ಹಾಗೆ ಗೋಡೆಗೆ ಗೋಡೆ ಅಂಟಿಕೊಂಡಿಲ್ಲ. ತೋಟದ ನಡುವೆ ಒಂಟಿ ಮನೆ. ಒಳಗೆ ಒಡವೆ, ಅಟ್ಟದಲ್ಲೋ ಗೋದಾಮಿನಲ್ಲೋ ಒಣಗಿದ ಅಡಿಕೆ. ರಾಶಿ ಅಡಿಕೆ ಕ್ವಿಂಟಲಿಗೆ 50 ಸಾವಿರ ದಾಟಿದ ಕಾಲ ಇದು. ನಾಲ್ಕು ಮೂಟೆ ಹೋದರೆ ಲಕ್ಷದ ಮಾತು. ಹಾಗಾಗಿ ಪ್ರವಾಸದ ಫೋಟೋ ಪ್ರವಾಸದಲ್ಲಿದ್ದಾಗಲೇ ಹಾಕಬಾರದು. ನೀವು ಮನೆಗೆ ಬಂದು ಎಷ್ಟೋ ವಾರಗಳಾದವು, ಆ ಭಯ ಈಗಿಲ್ಲ. ತಡವಾದದ್ದು ಒಳ್ಳೆಯದೇ ಆಯಿತು.

ಫೋಟೋದಲ್ಲಿ ಕಣ್ಣಿಗೆ ಕಾಣದ ಸಂಗತಿಯೂ ಇರುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ, ತೆಗೆದ ಜಾಗದ ಅಕ್ಷಾಂಶ ರೇಖಾಂಶವೇ ಫೋಟೋ ಫೈಲಿನೊಳಗೆ ಕೂತಿರುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಒಂದು ಫೋಟೋ ತೆರೆದು ಮೇಲಕ್ಕೆ ಎಳೆಯಿರಿ. ಕೆಳಗೆ ನಕ್ಷೆ ಬಂದರೆ ಜಾಗ ದಾಖಲಾಗಿದೆ ಅಂತ ಅರ್ಥ. ಅಂಡಮಾನಿನ ಬೀಚು ಗೊತ್ತಾದರೆ ಏನೂ ಆಗುವುದಿಲ್ಲ. ನಿಮ್ಮ ಅಂಗಳ ಗೊತ್ತಾಗುವುದು ಬೇರೆ ಮಾತು. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಫೋಟೋ ಕಳಿಸಿದರೆ ಈ ಮಾಹಿತಿ ಉದುರಿ ಹೋಗುತ್ತದೆ. ಆದರೆ ಕ್ಲಿಯರ್ ಆಗಿ ಬರಲಿ ಅಂತ ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಫೈಲು ಇದ್ದ ಹಾಗೇ ಹೋಗುತ್ತದೆ, ಜಾಗದ ಸಮೇತ. ಗೆಳತಿಯರಿಗೆ ಎಚ್‌ಡಿ ಆಯ್ಕೆಯಲ್ಲಿ ಕಳಿಸಿ, ಸಾಕು. ಮುಂದಿನ ಸಲಕ್ಕೆ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಆಫ್ ಮಾಡಿಬಿಡಿ.

ಕಣ್ಣಿಗೆ ಕಾಣುವುದನ್ನೂ ನೋಡಿಕೊಳ್ಳಿ. ಹಿಂದೆ ನಿಂತ ಕಾರಿನ ನಂಬರು, ಗೇಟಿನ ಮೇಲಿನ ಮನೆ ಹೆಸರು, ಉಡುಗೊರೆ ಬರೆದುಕೊಳ್ಳುವ ಪುಸ್ತಕ. ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಬೋರ್ಡಿಂಗ್ ಪಾಸ್ ಹಿಡಿದ ಫೋಟೋಗಳು ನಮ್ಮ ಕಡೆಯೂ ಜಾಸ್ತಿಯಾಗಿವೆ. ಮೊದಲ ವಿಮಾನ ಪ್ರಯಾಣದ ಖುಷಿ ನನಗೆ ಅರ್ಥವಾಗುತ್ತದೆ. ಆದರೆ ಅದರ ಮೇಲಿನ ಪಿಎನ್‌ಆರ್ ಮತ್ತು ಹೆಸರು ಇಟ್ಟುಕೊಂಡು ಬೇರೆಯವರು ನಿಮ್ಮ ಟಿಕೆಟ್ಟಿನ ವಿವರ ತೆರೆಯಬಹುದು. ವಾಪಸ್ ಟಿಕೆಟ್ ಅದರಲ್ಲೇ ಇದ್ದರೆ ಅದಕ್ಕೂ ಕೈ ಹಾಕಬಹುದು. ಪ್ರಯಾಣ ಮುಗಿದ ಮೇಲೂ ಆ ಫೋಟೋ ಬೇಡ.

ಈಗ ಹೇಳುವುದನ್ನು ಸ್ವಲ್ಪ ಗಮನವಿಟ್ಟು ಓದಿ. ಯಾಕೆಂದರೆ ನಮ್ಮ ತಾಲ್ಲೂಕುಗಳಲ್ಲಿ ಇದು ಮನೆಮನೆಯ ಕಥೆ, ಯಾರೂ ಮಾತಾಡುವುದಿಲ್ಲ. ಫೋನ್ ಕೊಂಡಾಗ ಅಂಗಡಿಯ ಹುಡುಗನೇ ಜಿಮೇಲ್ ಮಾಡಿಕೊಡುತ್ತಾನೆ. ಪಾಸ್‌ವರ್ಡ್ ಅವನೇ ಇಡುತ್ತಾನೆ. ಎಷ್ಟೋ ಮನೆಗಳಲ್ಲಿ ಮಾವನ ಫೋನು, ಮಗನ ಫೋನು, ಟಿವಿ, ಎಲ್ಲಕ್ಕೂ ಒಂದೇ ಅಕೌಂಟು. ಹಾಗಿದ್ದಾಗ ನಿಮ್ಮ ಫೋನಿನ ಫೋಟೋ ಬ್ಯಾಕಪ್ ಆನ್ ಇದ್ದರೆ, ನೀವು ಯಾರಿಗೂ ಕಳಿಸದ ಫೋಟೋ ಕೂಡ ಇನ್ನೊಂದು ಫೋನಿನಲ್ಲಿ ತೆರೆದುಕೊಳ್ಳುತ್ತದೆ. ಮಧುಚಂದ್ರದ ಫೋಟೋ ಮಾವನವರ ಮೊಬೈಲಿನಲ್ಲಿ ಕಾಣಿಸಿ, ಮನೆಯಲ್ಲಿ ತಿಂಗಳುಗಟ್ಟಲೆ ಮುಖ ತಪ್ಪಿಸಿ ಓಡಾಡಿದ ಹುಡುಗಿ ನನ್ನ ತರಗತಿಯಲ್ಲಿ ಕೂತು ಅತ್ತಿದ್ದಾಳೆ. ಅವಳ ತಪ್ಪು ಏನೂ ಇರಲಿಲ್ಲ.

ಆದ್ದರಿಂದ ಮೊದಲು ನಿಮ್ಮ ಗೂಗಲ್ ಅಕೌಂಟಿನಲ್ಲಿ 'ಸೆಕ್ಯೂರಿಟಿ' ಭಾಗಕ್ಕೆ ಹೋಗಿ, ಯಾವ ಯಾವ ಸಾಧನಗಳಲ್ಲಿ ಅದು ತೆರೆದಿದೆ ಅಂತ ನೋಡಿ. ನಿಮ್ಮದಲ್ಲದ್ದನ್ನು ಸೈನ್ ಔಟ್ ಮಾಡಿ. ಪಾಸ್‌ವರ್ಡ್ ಬದಲಿಸಿ. ಎರಡು ಹಂತದ ಪರಿಶೀಲನೆ ಆನ್ ಮಾಡಿ. ಮನೆಯವರ ಜೊತೆ ಒಂದೇ ಅಕೌಂಟು ಹಂಚಿಕೊಂಡಿದ್ದರೆ ನಿಮ್ಮದೇ ಬೇರೆ ಮಾಡಿಕೊಳ್ಳಿ. ತೀರಾ ಖಾಸಗಿ ಫೋಟೋಗಳಿದ್ದರೆ ಗೂಗಲ್ ಫೋಟೋಸ್‌ನ ಲಾಕ್ಡ್ ಫೋಲ್ಡರ್‌ಗೆ ಸರಿಸಿ. ಅಂಥವನ್ನು ಎಷ್ಟೇ ಆಪ್ತ ಗೆಳತಿಗೂ ಕಳಿಸಬೇಡಿ. 'ಒಮ್ಮೆ ಮಾತ್ರ ನೋಡಿ' ಅನ್ನುವ ಆಯ್ಕೆಯಲ್ಲೂ ಬೇಡ. ಸ್ಕ್ರೀನ್‌ಶಾಟ್ ಬರದಿದ್ದರೂ ಇನ್ನೊಂದು ಫೋನಿನಿಂದ ಪರದೆಯ ಫೋಟೋ ತೆಗೆಯಬಹುದಲ್ವಾ? ಅಕಸ್ಮಾತ್ ಯಾರಾದರೂ ಅಂಥ ಫೋಟೋ ಇಟ್ಟುಕೊಂಡು ಹೆದರಿಸಿದರೆ ಅಪರಾಧ ಅವರದ್ದು. ದುಡ್ಡು ಕೊಡಬೇಡಿ, ಮೆಸೇಜ್ ಅಳಿಸಬೇಡಿ, ಪೊಲೀಸರ ಹತ್ತಿರ ಹೋಗಿ.

ಇಷ್ಟೆಲ್ಲ ಹೇಳಿ ನಿಮ್ಮ ಉತ್ಸಾಹ ತಣ್ಣಗೆ ಮಾಡಿದೆನೋ ಏನೋ. ಹಾಗಾಗಬಾರದು. ಇನ್ನು ಯಾವ ಫೋಟೋ ಕಳಿಸಬೇಕು ಅನ್ನುವುದು ನನಗೆ ಬಹಳ ಇಷ್ಟದ ವಿಷಯ.

ನಿಮ್ಮ ಹತ್ತಿರ ಐನೂರು, ಆರುನೂರು ಫೋಟೋ ಇರಬಹುದು. ಹನ್ನೆರಡು ಆರಿಸಿ. ಮುನ್ನೂರು ಒಟ್ಟಿಗೆ ಸುರಿದರೆ ಯಾರೂ ನೋಡುವುದಿಲ್ಲ, 'ಸೂಪರ್' ಅಂತ ಹಾಕಿ ಮುಂದೆ ಹೋಗುತ್ತಾರೆ. ಹಾರ ಹಾಕಿಕೊಂಡು ವೇದಿಕೆ ಮೇಲೆ ನಿಂತ ಜೋಡಿ ಎಲ್ಲ ಮದುವೆಯಲ್ಲೂ ಒಂದೇ ಥರ. ಅದು ಒಂದು ಸಾಕು. ಮಸ್ಕತ್ತಿನಲ್ಲೋ ಧಾರವಾಡದಲ್ಲೋ ಕೂತ ಗೆಳತಿಗೆ ನಮ್ಮ ಮಲೆನಾಡಿನ ಮದುವೆಯಲ್ಲಿ ನೋಡಬೇಕು ಅನಿಸುವುದು ಬೇರೆಯೇ ಇದೆ. ಚಪ್ಪರದ ಕಂಬಕ್ಕೆ ಕಟ್ಟಿದ ಬಾಳೆಕಂದು, ಅಡಿಕೆ ಸಿಂಗಾರದ ಹೊಂಬಣ್ಣ. ಹಂಡೆಯ ಮುಂದೆ ಬೆವರುತ್ತಾ ನಿಂತ ಅಡುಗೆಯವರು. ಎಲೆ ತುದಿಯಲ್ಲಿ ಬಿದ್ದ ಅಪ್ಪೆಮಿಡಿ ಉಪ್ಪಿನಕಾಯಿ. ಹಾಳೆ ಟೋಪಿ ಹಾಕಿಕೊಂಡು ಓಡುವ ಮಕ್ಕಳು, ಮುಖ ಕಾಣದ ಹಾಗೆ ಹಿಂದಿನಿಂದ. ಅಜ್ಜಿಯ ಕೈಯಲ್ಲಿ ಅಕ್ಷತೆ. ಬರಿಯ ಕೈ.

ನಿಮ್ಮದು ಕಸೂತಿಯ ಗೆಳೆತನ. ನಿಮ್ಮ ಕಡೆ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಬರೆಯುವ ಹಸೆ ಚಿತ್ತಾರ ಎಲ್ಲಾದರೂ ಇದ್ದರೆ ಅದರದ್ದೊಂದು ಫೋಟೋ, ಮನೆಯವರನ್ನು ಕೇಳಿ ತೆಗೆದು, ಸೇರಿಸಿ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಎಳೆ ಎಣಿಸಿ ಹೊಲಿಯುವವರಿಗೆ ಆ ಗೆರೆಗಳ ಲೆಕ್ಕ ಎಷ್ಟು ಖುಷಿ ಕೊಡುತ್ತದೆ ನೋಡಿ. ಒಂದು ವಾರ ಅದರ ಮಾತೇ ನಡೆಯುತ್ತದೆ. ಮದುವೆಯಾದ ಮೇಲೆ ಸಿಗಂದೂರಿಗೆ ಹೋಗಿದ್ದಿರಾದರೆ ಶರಾವತಿ ಹಿನ್ನೀರಿನ ಫೋಟೋ ಒಂದು ಇರಲಿ. ಲಾಂಚಿನಲ್ಲಿ ಕಾರು, ಬಸ್ಸು, ಮದುವೆ ದಿಬ್ಬಣ ಎಲ್ಲ ದಾಟುತ್ತಿದ್ದದ್ದನ್ನು, 2025ರ ಜುಲೈನಲ್ಲಿ ಸೇತುವೆ ಬಂದದ್ದನ್ನು ಹೊರಗಿನ ಗೆಳತಿಯರಿಗೆ ಹೇಳಿದರೆ ಕಣ್ಣರಳಿಸಿ ಕೇಳುತ್ತಾರೆ.

ಅಂಡಮಾನಿನದ್ದೂ ಹಾಗೇ. ಕೈ ಕೈ ಹಿಡಿದ ಫೋಟೋ ಒಂದಿರಲಿ, ನಿಮ್ಮವರು ಒಪ್ಪಿದರೆ. ಉಳಿದಂತೆ ನೀರಿನ ಬಣ್ಣ, ಸೆಲ್ಯುಲಾರ್ ಜೈಲಿನ ಉದ್ದ ಪಡಸಾಲೆ, ತಿಂದ ಮೀನು. ಒಂದು ಎಚ್ಚರಿಕೆ: ಬಾರಾಟಂಗ್ ದಾರಿಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ಜಾರವಾ ಜನರ ಫೋಟೋ ಅಥವಾ ವಿಡಿಯೋ ಅಕಸ್ಮಾತ್ ಬಂದಿದ್ದರೆ ಅಳಿಸಿಬಿಡಿ, ಯಾರಿಗೂ ಕಳಿಸಬೇಡಿ. ಅದನ್ನು ತೆಗೆಯುವುದೇ ಕಾನೂನಿನಲ್ಲಿ ಅಪರಾಧ, ಜೈಲು ಶಿಕ್ಷೆಯೂ ಇದೆ. ಕಾನೂನು ಬಿಡಿ, ಅವರನ್ನೂ ಯಾರೂ ಕೇಳಿರುವುದಿಲ್ಲವಲ್ಲ.

ಪ್ರತಿ ಫೋಟೋದ ಕೆಳಗೆ ಒಂದೆರಡು ಸಾಲು ಬರೆಯಿರಿ. ಇಲ್ಲದಿದ್ದರೆ ನಿಮಗೆ ಚಿಕ್ಕಮ್ಮ ಆಗಿರುವವರು ಅವರಿಗೆ ಯಾರೋ ಹೆಂಗಸು ಅಷ್ಟೇ. ಆ ಚಿಕ್ಕಮ್ಮನನ್ನೂ ಒಂದು ಮಾತು ಕೇಳಿ ಕಳಿಸಿ. ಎಲ್ಲ ಒಟ್ಟಿಗೆ ಬೇಡ, ದಿನಕ್ಕೆ ಎರಡೋ ಮೂರೋ. ನಮ್ಮ ಕಡೆಯ ನೆಟ್‌ವರ್ಕಿಗೂ ಅದೇ ಸರಿ. ಗುಂಪಿನಲ್ಲಿ ಹಾಕುವಾಗ 'ನಮ್ಮ ಹದಿನೈದು ಜನರಲ್ಲೇ ಇರಲಿ, ಬೇರೆ ಕಡೆ ಕಳಿಸಬೇಡಿ' ಅಂತ ಬಾಯಿಬಿಟ್ಟು ಹೇಳಿ. ಹೇಳಿದರೆ ಜನ ಕೇಳುತ್ತಾರೆ. ನಾವು ಹೇಳುವುದೇ ಕಡಿಮೆ.

ಕೊನೆಯದು ಗಿಫ್ಟ್. ಐದು ವರ್ಷದಿಂದ ವಿಡಿಯೋದಲ್ಲಿ ಮುಖ ನೋಡಿ ಮಾತಾಡಿದ ಗೆಳತಿಯೇ ಕೇಳುತ್ತಿದ್ದರೆ ಅನುಮಾನ ಪಡಬೇಡಿ. ಆದರೆ ಕೇಳಿದ್ದು ಅವರೇನಾ ಅಂತ ಖಚಿತ ಮಾಡಿಕೊಳ್ಳಿ. ವಾಟ್ಸಾಪ್ ಅಕೌಂಟು ಕದ್ದು, ಗೆಳತಿಯ ಹೆಸರಲ್ಲಿ ಮೆಸೇಜ್ ಮಾಡುವವರಿದ್ದಾರೆ. ಹೇಗೂ ಕ್ಷಮೆ ಕೇಳಲು ಫೋನ್ ಮಾಡುತ್ತೀರಲ್ಲ, ಆಗಲೇ ಕೇಳಿ. ವಿಳಾಸವನ್ನು ಗುಂಪಿನಲ್ಲಿ ಹಾಕಬೇಡಿ, ಅವರೊಬ್ಬರಿಗೇ ಕಳಿಸಿ. ನಿಮ್ಮವರ ಆಫೀಸಿನ ವಿಳಾಸವೋ, ಪೇಟೆಯಲ್ಲಿ ಗುರುತಿನ ಅಂಗಡಿಯದ್ದೋ ಆದರೆ ಇನ್ನೂ ಒಳ್ಳೆಯದು. ಕೊರಿಯರ್‌ನವರು ಹೇಗೂ ನಮ್ಮ ತೋಟದ ಮನೆಗಳವರೆಗೆ ಬರುವುದಿಲ್ಲ.

ಪಾರ್ಸಲ್ ಹೊರದೇಶದಿಂದ ಬರುತ್ತದೆ ಅಂದು, ಎರಡು ದಿನ ಬಿಟ್ಟು ಯಾರೋ 'ಕಸ್ಟಮ್ಸ್‌ನಿಂದ ಮಾತಾಡ್ತಿದ್ದೇವೆ, ನಿಮ್ಮ ಗಿಫ್ಟಿಗೆ ಇಷ್ಟು ಸಾವಿರ ಕಟ್ಟಿ' ಅಂದರೆ ಅದು ಮೋಸ. ಹೊಸದಾಗಿ ಮದುವೆಯಾದವರನ್ನೇ ನೋಡಿ ಬಲೆ ಬೀಸುತ್ತಾರೆ. ಹಾಗೇ 'ಮದುವೆ ಆಮಂತ್ರಣ' ಅಂತ ಬರುವ ಎಪಿಕೆ ಫೈಲು ತೆರೆಯಬೇಡಿ. ಪತ್ರಿಕೆ ಅಂದರೆ ಫೋಟೋ ಅಥವಾ ಪಿಡಿಎಫ್ ಆಗಿರುತ್ತದೆ. ಎಪಿಕೆ ಅಂದರೆ ಫೋನಿನೊಳಗೆ ಸೇರಿಕೊಳ್ಳುವ ಆ್ಯಪ್. ಬ್ಯಾಂಕಿನ ಒಟಿಪಿ ಓದಿ ಹಣ ಎತ್ತಲು ಅದನ್ನು ಬಳಸುತ್ತಾರೆ. ಹಣ ಹೋಗಿದೆ ಅಂತ ಗೊತ್ತಾದ ತಕ್ಷಣ 1930ಕ್ಕೆ ಫೋನ್ ಮಾಡಿ. ಬೆಳಗಾಗಲಿ ಅಂತ ಕಾಯಬಾರದು. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಈ ನಂಬರನ್ನು ಅತ್ತೆಯವರ ಫೋನಿನಲ್ಲೂ ಸೇವ್ ಮಾಡಿಕೊಡಿ. ಆ ಹೊತ್ತಿನಲ್ಲೇ ಆರಿಸಿದ ಹನ್ನೆರಡು ಫೋಟೋಗಳನ್ನು ಮೊದಲು ಅವರಿಗೆ ತೋರಿಸಿ. ಒಂದೆರಡು ಬೇಡ ಅನ್ನಬಹುದು. ತೆಗೆದುಬಿಡಿ.